ಡೈಪರ್ ರ‍್ಯಾಶ್: ಅದು ಅಲರ್ಜಿ ಅಲ್ಲ ಮಾರಾಯ್ರೆ

"ಪಾಪುಗೆ ಡೈಪರ್ ಅಲರ್ಜಿ ಆಗಿದೆ, ಯಾವ ಬ್ರ್ಯಾಂಡ್ ಒಳ್ಳೇದು?" ಅಮ್ಮಂದಿರ ವಾಟ್ಸಾಪ್ ಗುಂಪುಗಳಲ್ಲಿ ಈ ಪ್ರಶ್ನೆಗೆ ಬಿಡುವೇ ಇಲ್ಲ. ಕೆಳಗೆ ಉತ್ತರಗಳ ಸಾಲು. ಒಬ್ಬರು ಆ ಕಂಪನಿ ಬಿಡಿ, ಈ ಕಂಪನಿ ಹಿಡೀರಿ ಅಂತಾರೆ. ಇನ್ನೊಬ್ಬರು ಡೈಪರೇ ಬೇಡ ಅಂತಾರೆ. ಮತ್ತೊಬ್ಬರು ಅಲರ್ಜಿ ಸಿರಪ್ಪಿನ ಹೆಸರು ಬರೆದು, ಎಷ್ಟು ಎಂ.ಎಲ್. ಕುಡಿಸಬೇಕು ಅಂತಲೂ ಹೇಳಿಬಿಡುತ್ತಾರೆ. ಎಷ್ಟು ಹೊತ್ತಿಗೊಮ್ಮೆ ಡೈಪರ್ ಬದಲಾಯಿಸ್ತೀರಿ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಯಾಕೆ ಕೇಳಬೇಕು? ಅಲರ್ಜಿ ಅಂದ ಕೂಡಲೇ ತಪ್ಪು ಕಂಪನಿಯದ್ದಾಗುತ್ತದೆ, ಇಲ್ಲವೇ ಮಗುವಿನ ಮೈಗುಣದ್ದು. ಗಡಿಯಾರ ನೋಡುವ ಕೆಲಸ ತಪ್ಪಿತು.

ಡೈಪರ್ ಕಟ್ಟಿದ ಜಾಗ ಕೆಂಪಾಗಿ ಉರಿಯುವ ಇದನ್ನು ವೈದ್ಯರು ಡೈಪರ್ ಡರ್ಮಟೈಟಿಸ್ ಅನ್ನುತ್ತಾರೆ. ಬಹುಪಾಲು ಮಕ್ಕಳಲ್ಲಿ ಅದು ಇರಿಟೆಂಟ್ ಡರ್ಮಟೈಟಿಸ್. ಅಂದರೆ ಒದ್ದೆ, ಉಜ್ಜಾಟ, ಉಚ್ಚೆ, ಕಕ್ಕ ಸೇರಿ ಚರ್ಮವನ್ನು ನೇರವಾಗಿ ಕೆಡಿಸಿ ತರುವ ಉರಿ. ಹಸಿಮೆಣಸಿನಕಾಯಿ ಹೆಚ್ಚಿದ ಕೈ ಉರಿಯುತ್ತೆ ಅಲ್ವಾ? ಮೊದಲ ಸಲವೂ ಉರಿ, ಹತ್ತನೇ ಸಲವೂ ಉರಿ. ನಿಮಗೂ ಉರಿ, ಪಕ್ಕದ ಮನೆಯವರಿಗೂ ಉರಿ. ಅದನ್ನು ಯಾರೂ ಮೆಣಸಿನಕಾಯಿ ಅಲರ್ಜಿ ಅನ್ನುವುದಿಲ್ಲ.

ಹಾಗಾದರೆ ಅಲರ್ಜಿ ಯಾವುದು? ಈ ಪದ ಹುಟ್ಟಿದ ವರ್ಷ, ಊರು, ಹುಟ್ಟಿಸಿದವರ ಹೆಸರು ಮೂರೂ ಗೊತ್ತಿದೆ. 1906ರಲ್ಲಿ ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಇದನ್ನು ಕಟ್ಟಿದರು. ಅವರೂ ಮಕ್ಕಳ ವೈದ್ಯರೇ. ಗ್ರೀಕ್ ಭಾಷೆಯ 'ಆಲೋಸ್' ಅಂದರೆ ಬೇರೆ, 'ಎರ್ಗೊನ್' ಅಂದರೆ ಕೆಲಸ. ಆಗ ಗಂಟಲಮಾರಿ (ಡಿಫ್ತೀರಿಯಾ) ಬಂದ ಮಕ್ಕಳಿಗೆ ಕುದುರೆಯ ರಕ್ತದಿಂದ ತೆಗೆದ ಸೀರಮ್ ಚುಚ್ಚುತ್ತಿದ್ದರು. ಕೆಲವು ಮಕ್ಕಳಿಗೆ ಚುಚ್ಚಿದ ವಾರ ಹತ್ತು ದಿನದ ಮೇಲೆ ಜ್ವರ, ಗಂಧೆ, ಕೀಲುನೋವು ಬರುತ್ತಿತ್ತು. ಅದೇ ಮಗುವಿಗೆ ಮುಂದೆಂದಾದರೂ ಇನ್ನೊಮ್ಮೆ ಚುಚ್ಚಿದರೆ ಅಷ್ಟು ದಿನ ಕಾಯುವ ಪ್ರಮೇಯವೇ ಇಲ್ಲ, ಬಹಳ ಬೇಗ ಬರುತ್ತಿತ್ತು. ಪಿರ್ಕೆ ಮತ್ತು ಅವರ ಜೊತೆಗಾರ ಬೇಲಾ ಶಿಕ್ ಹಿಡಿದದ್ದು ಈ ವ್ಯತ್ಯಾಸವನ್ನು. ಸೀರಮ್ ಅದೇ, ಮಗುವೂ ಅದೇ. ಮೈ ಮಾತ್ರ ಮೊದಲ ಸಲದಿಂದ ಏನೋ ಕಲಿತು, ಎರಡನೇ ಸಲಕ್ಕೆ ಬೇರೆ ಥರ ಕೆಲಸ ಮಾಡುತ್ತಿದೆ. ಆ 'ಬೇರೆ ಕೆಲಸ'ವೇ ಅಲರ್ಜಿ.

ಇದರ ತಿರುಳು ಇಷ್ಟೇ: ಅಲರ್ಜಿಗೆ ನೆನಪು ಬೇಕು. ಚರ್ಮಕ್ಕೆ ಸೋಕಿ ಬರುವ ಅಲರ್ಜಿಯಲ್ಲಿ, ಆ ವಸ್ತುವಿನ ಗುರುತು ಹಿಡಿಯಲು ಮೈಗೆ ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಆಮೇಲೆ ಮತ್ತೆ ಸೋಕಿದಾಗ ಒಂದರಿಂದ ಮೂರು ದಿನದೊಳಗೆ ದದ್ದು ಏಳುತ್ತದೆ. "ನಿನ್ನೆ ರಾತ್ರಿ ಮೊದಲ ಸಲ ಡೈಪರ್ ಹಾಕಿದ್ವಿ, ಬೆಳಿಗ್ಗೆ ನೋಡಿದ್ರೆ ಅಲರ್ಜಿ" ಅನ್ನುವ ಮಾತು ಈ ಲೆಕ್ಕಕ್ಕೆ ಕೂರುವುದೇ ಇಲ್ಲ. ಅದು ಇಡೀ ರಾತ್ರಿ ಒಂದೇ ಡೈಪರ್ ಹಾಕಿಟ್ಟದ್ದರ ಫಲ.

ನಮ್ಮಲ್ಲಿ ಈ ಗೊಂದಲಕ್ಕೆ ಇನ್ನೊಂದು ಬೇರಿದೆ ಅಂತ ನನ್ನ ಗುಮಾನಿ. ನಂಜು ಅನ್ನುವ ಪದ. ಬದನೆಕಾಯಿ ನಂಜು, ಗಾಯಕ್ಕೆ ನಂಜು, ಬಾಣಂತಿ ಅದು ತಿಂದರೆ ನಂಜು, ಇದು ತಿಂದರೆ ನಂಜು. ಮೈಮೇಲೆ ಏನೇ ಎದ್ದರೂ ಹೊರಗಿನ ಒಂದು ವಸ್ತುವಿನ ಮೇಲೆ ತಪ್ಪು ಹೊರಿಸಲು ಅನುಕೂಲವಾದ ಪದ. ಈಗ ನಂಜು ಅಂದರೆ ಹಳ್ಳಿ ಮಾತಾಯಿತು. ಆ ಜಾಗಕ್ಕೆ ಅಲರ್ಜಿ ಬಂದು ಕೂತಿದೆ, ಕೆಲಸ ಮಾತ್ರ ಅದೇ. ಆರು ತಿಂಗಳಿಗೆ ರಾಗಿ ಸರಿ ಶುರು ಮಾಡಿದ ಮೇಲೆ ಕುಂಡೆ ಕೆಂಪಾದರೆ "ರಾಗಿ ಅಲರ್ಜಿ" ಅನ್ನುವವರನ್ನೂ ನೋಡಿದ್ದೇನೆ. ಪಾಪ, ರಾಗಿ ಏನು ಮಾಡಿತು? ಎದೆಹಾಲು ಮಾತ್ರ ಕುಡಿಯುವ ಮಗುವಿನ ಕಕ್ಕ ಚರ್ಮಕ್ಕೆ ಅಷ್ಟು ಕೆಟ್ಟದ್ದಲ್ಲ. ಬೇರೆ ಊಟ ಶುರುವಾದ ಮೇಲೆ ಅದರ ಗುಣ ಬದಲಾಗುತ್ತದೆ. ಡೈಪರ್ ರ‍್ಯಾಶ್ ಅತಿ ಹೆಚ್ಚು ಕಾಣುವುದು 9ರಿಂದ 12 ತಿಂಗಳ ಮಕ್ಕಳಲ್ಲಿ.

ಒಳಗೆ ನಡೆಯುವುದು ಹೀಗೆ. ಒದ್ದೆಯಲ್ಲಿ ನೆನೆದ ಚರ್ಮದ ಮೇಲ್ಪದರ ಮೆತ್ತಗಾಗುತ್ತದೆ. ಮೆತ್ತಗಾದ ಚರ್ಮ ಸುಲಭವಾಗಿ ತರಚುತ್ತದೆ. ಇನ್ನು ಉಚ್ಚೆ ಮತ್ತು ಕಕ್ಕ ಒಂದೇ ಕಡೆ ಸೇರಿದರೆ, ಕಕ್ಕದಲ್ಲಿರುವ ಬ್ಯಾಕ್ಟೀರಿಯಾಗಳು ಉಚ್ಚೆಯ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಚರ್ಮ ಸಹಜವಾಗಿ ಸ್ವಲ್ಪ ಆಮ್ಲೀಯ. ಅಮೋನಿಯಾ ಅದನ್ನು ಕ್ಷಾರದ ಕಡೆ ಎಳೆಯುತ್ತದೆ. ಆಗ ಕಕ್ಕದಲ್ಲಿರುವ, ಪ್ರೋಟೀನು ಕೊಬ್ಬು ಜೀರ್ಣ ಮಾಡುವ ಕಿಣ್ವಗಳು ಚುರುಕಾಗುತ್ತವೆ. ಅವಕ್ಕೆ ಅನ್ನ ಯಾವುದು, ಚರ್ಮ ಯಾವುದು ಅನ್ನುವ ಭೇದ ಗೊತ್ತಿಲ್ಲ. ಭೇದಿಯಾದ ಮಗುವಿನ ಕುಂಡೆ ಒಂದೇ ದಿನದಲ್ಲಿ ಕಿತ್ತುಹೋಗುವುದು ಇದಕ್ಕೇ. 1921ರಲ್ಲಿ ವೈದ್ಯರು ಅಮೋನಿಯಾವನ್ನೇ ಮುಖ್ಯ ಅಪರಾಧಿ ಮಾಡಿದ್ದರು. 1977ರಲ್ಲಿ ರ‍್ಯಾಶ್ ಇದ್ದ ಮತ್ತು ಇಲ್ಲದ ಮಕ್ಕಳನ್ನು ಹೋಲಿಸಿ ನೋಡಿದಾಗ ಅಮೋನಿಯಾದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದು ದಾರಿ ಮಾಡಿಕೊಡುತ್ತದೆ, ಮುಖ್ಯ ಹಾನಿ ಮಾಡುವುದು ಕಿಣ್ವಗಳು.

ಗುರುತಿಸುವುದಕ್ಕೆ ಜಾಗ ನೋಡಿ. ಬೆಳಕಿನಲ್ಲಿ ಮಲಗಿಸಿ, ಎರಡು ಬೆರಳಿನಿಂದ ತೊಡೆಸಂದನ್ನು ಮೆಲ್ಲಗೆ ಬಿಡಿಸಿ. ಕುಂಡೆಯ ಉಬ್ಬು, ತೊಡೆಯ ಒಳಭಾಗ, ಕೆಳಹೊಟ್ಟೆ ಕೆಂಪಗಿದ್ದು, ಸಂದಿನ ಆಳದ ಮಡಿಕೆ ಮಾತ್ರ ಚೆನ್ನಾಗಿದ್ದರೆ ಅದು ಮಾಮೂಲಿ ರ‍್ಯಾಶ್. ಡೈಪರ್ ತಾಗುವುದು ಉಬ್ಬಿಗೆ ತಾನೇ? ಮಡಿಕೆಯೇ ಕಡುಗೆಂಪಾಗಿ, ಸುತ್ತ ಸಣ್ಣ ಸಣ್ಣ ಕೆಂಪು ಚುಕ್ಕಿಗಳು ಚೆದುರಿದ್ದರೆ ಕ್ಯಾಂಡಿಡಾ ಅನ್ನುವ ಫಂಗಸ್ ಸೇರಿಕೊಂಡಿರಬಹುದು. ಮಗು ಆಂಟಿಬಯೋಟಿಕ್ ತೆಗೆದುಕೊಂಡಿದ್ದರೆ, ಅಥವಾ ರ‍್ಯಾಶ್ ಮೂರು ದಿನ ದಾಟಿದ್ದರೆ ಈ ಅನುಮಾನ ಜಾಸ್ತಿ. ನಿಜವಾದ ಅಲರ್ಜಿಯೂ ಇದೆ, ಇಲ್ಲ ಅನ್ನುತ್ತಿಲ್ಲ. ಆದರೆ ಅಪರೂಪ. ಅದು ಸೊಂಟದ ಪಕ್ಕ, ತೊಡೆಯ ಸುತ್ತ, ಎಲಾಸ್ಟಿಕ್ಕಿನ ರಬ್ಬರ್ ಅಥವಾ ಬಣ್ಣ ತಾಗಿದ ಜಾಗದಲ್ಲಿ ಗೆರೆ ಎಳೆದಂತೆ ಕಾಣುತ್ತದೆ. ಒದ್ದೆ ವೈಪ್ಸ್‌ನಲ್ಲಿರುವ ಸುಗಂಧ, ಅದು ಕೆಡದಂತೆ ಹಾಕುವ ರಾಸಾಯನಿಕ, ಇವುಗಳಿಂದಲೂ ಬರಬಹುದು.

"ಆದ್ರೆ ಬ್ರ್ಯಾಂಡ್ ಬದಲಾಯಿಸಿದ ಮೇಲೆ ವಾಸಿ ಆಯ್ತಲ್ಲ" ಅನ್ನುವವರಿದ್ದಾರೆ. ಆಗಿರಬಹುದು. ರ‍್ಯಾಶ್ ಕಂಡು ಹೆದರಿದ ಆ ವಾರ ಎಲ್ಲರೂ ಗಂಟೆಗೊಮ್ಮೆ ಬಿಚ್ಚಿ ನೋಡುತ್ತಾರೆ. ಕ್ರೆಡಿಟ್ ಹೊಸ ಕಂಪನಿಗೆ ಹೋಗುತ್ತದೆ.

ಹೆಸರು ತಪ್ಪಿದರೆ ಏನು ಮಹಾ ಅನ್ನಬೇಡಿ. ಮೆಡಿಕಲ್ ಶಾಪಿನಲ್ಲಿ "ಅಣ್ಣಾ, ಪಾಪುಗೆ ಅಲರ್ಜಿ, ಒಂದು ಟ್ಯೂಬ್ ಕೊಡಿ" ಅಂದರೆ ಕೈಗೆ ಏನು ಬರಬಹುದು? ಟ್ಯೂಬಿನ ಮೇಲಿನ ಸಣ್ಣಕ್ಷರ ಓದಿ. ಕ್ಲೋಬೆಟಾಸಾಲ್ ಅಥವಾ ಬೀಟಾಮೆಥಾಸೋನ್, ಜೊತೆಗೆ ನಿಯೋಮೈಸಿನ್ ಅನ್ನುವ ಆಂಟಿಬಯೋಟಿಕ್, ಜೊತೆಗೆ ಮೈಕೊನಜೋಲ್ ಅನ್ನುವ ಫಂಗಸ್ ಔಷಧಿ. ಮೊದಲನೆಯದು ಜೋರು ಸ್ಟಿರಾಯ್ಡ್. ಹಚ್ಚಿ ಮೇಲೆ ಡೈಪರ್ ಕಟ್ಟಿದರೆ ಅದು ಇನ್ನೂ ಜಾಸ್ತಿ ಒಳಗೆ ಇಳಿಯುತ್ತದೆ. ಎರಡು ದಿನದಲ್ಲಿ ಕೆಂಪು ಇಳಿಯುತ್ತದೆ, ಮನೆಯವರಿಗೆ ಖುಷಿ. ಹಚ್ಚುತ್ತಲೇ ಹೋದರೆ ಎಳೆ ಚರ್ಮ ತೆಳುವಾಗುತ್ತದೆ, ಫಂಗಸ್ ಅಡಗಿ ಬೆಳೆಯುತ್ತದೆ, ಮಗುವಿನ ಹಾರ್ಮೋನೂ ಏರುಪೇರಾಗಬಹುದು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಕೌಂಟರಿನಲ್ಲಿ ಅದು ಎಷ್ಟು ನಡೆಯುತ್ತದೆ ಅಂತ ನಿಮಗೇ ಗೊತ್ತು. ಇನ್ನು ಅಲರ್ಜಿ ಸಿರಪ್ಪು: ಮಗುವಿಗೆ ನಿದ್ದೆ ಬರಿಸಬಹುದು, ಅಷ್ಟೇ. ಕಿಣ್ವ ಕಡಿದ ಚರ್ಮಕ್ಕೆ ಅದರಿಂದ ಏನೂ ಆಗುವುದಿಲ್ಲ.

ತಡೆಯುವ ಕೆಲಸ ಬಹಳ ಸಪ್ಪೆ. ಕಕ್ಕ ಮಾಡಿದ ತಕ್ಷಣ ಬದಲಾಯಿಸಿ. ಬರೀ ಉಚ್ಚೆಯಾದರೆ ಹಸುಗೂಸಿಗೆ ಎರಡು ಗಂಟೆಗೊಮ್ಮೆ, ದೊಡ್ಡ ಮಗುವಿಗೆ ಮೂರ್ನಾಲ್ಕು ಗಂಟೆಗೊಮ್ಮೆ. "ಹನ್ನೆರಡು ಗಂಟೆ ಡ್ರೈ" ಅನ್ನುವುದು ಪ್ಯಾಕೆಟ್ಟಿನ ಮಾತು. ಉಗುರುಬೆಚ್ಚನೆ ನೀರು, ಹತ್ತಿ ಅಥವಾ ಮೆತ್ತನೆ ಬಟ್ಟೆ ಸಾಕು. ಒರೆಸುವಾಗ ಉಜ್ಜಬೇಡಿ, ಒತ್ತಿ ತೆಗೆಯಿರಿ. ಸ್ವಲ್ಪ ಹೊತ್ತು ಬರಿಮೈಯಲ್ಲಿ ಬಿಡಿ, ಚಾಪೆ ಒದ್ದೆಯಾದರೆ ಆಗಲಿ. ಆಮೇಲೆ ಝಿಂಕ್ ಆಕ್ಸೈಡ್ ಕ್ರೀಮೋ ಪೆಟ್ರೋಲಿಯಂ ಜೆಲ್ಲಿಯೋ ದಪ್ಪಗೆ ಹಚ್ಚಿ. ಮುಂದಿನ ಸಲ ಅದನ್ನು ಪೂರ್ತಿ ಕೆರೆದು ತೆಗೆಯಲು ಹೋಗಬೇಡಿ. ಗಲೀಜಾದ ಮೇಲ್ಪದರ ಒರೆಸಿ, ಅದರ ಮೇಲೇ ಹಚ್ಚಿದರಾಯಿತು.

ಪೌಡರ್ ವಿಷಯಕ್ಕೆ ಬಂದರೆ ನನಗೆ ತಾಳ್ಮೆ ಕಡಿಮೆ. ಅದು ಸಂದಿನಲ್ಲಿ ಬೆವರಿಗೆ ಮುದ್ದೆಯಾಗಿ ಉಜ್ಜುತ್ತದೆ, ಹಾರಿದ್ದು ಮಗುವಿನ ಉಸಿರಿಗೆ ಹೋಗುತ್ತದೆ. ಬೋರಿಕ್ ಪೌಡರ್ ಅಂತೂ ಬೇಡವೇ ಬೇಡ. ಕಿತ್ತ ಚರ್ಮದ ಮೂಲಕ ರಕ್ತಕ್ಕೆ ಸೇರಿದರೆ ಅದು ವಿಷ. ಬಟ್ಟೆಗೆ, ಸ್ನಾನದ ನೀರಿಗೆ ಡೆಟಾಲ್ ಸುರಿಯುವುದೂ ಬೇಡ. ಕುಂಡೆ ಕೆಂಪಾಗಿರುವಾಗ ಕಡಲೆಹಿಟ್ಟು ಹಾಕಿ ತಿಕ್ಕುವ ಅಜ್ಜಿಯನ್ನು ಒಂದು ವಾರ ತಡೆದು ನಿಲ್ಲಿಸಿ.

ಹಾಗಂತ "ಡೈಪರ್ ಬೇಡ, ಬಟ್ಟೆ ಕಟ್ಟು" ಅನ್ನುವ ಅಜ್ಜಿಯರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. (ಡೈಪರ್ ಅನ್ನುವುದೇ ಒಂದು ಕಾಲಕ್ಕೆ ವಜ್ರದಾಕಾರದ ನೇಯ್ಗೆಯ ಬಟ್ಟೆಯ ಹೆಸರು.) ಬಟ್ಟೆಯ ಗುಣ ಅದರ ನೂಲಿನಲ್ಲಿಲ್ಲ. ಒದ್ದೆಯಾದದ್ದು ತಕ್ಷಣ ಎತ್ತಿಕೊಂಡವರ ಕೈಗೆ ತಾಗುತ್ತದೆ, ಬದಲಾಯಿಸುತ್ತಾರೆ. ಜೆಲ್ ಇರುವ ಡೈಪರ್ ಚರ್ಮವನ್ನು ಬಟ್ಟೆಗಿಂತ ಒಣಗಿಡುತ್ತದೆ ನಿಜ, ಜೊತೆಗೆ ಮನೆಯವರಿಗೆ ಮರೆವನ್ನೂ ಕೊಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸಿದರೂ ಅರೆಒದ್ದೆಯಾಗೇ ಉಳಿಯುವ ಲಂಗೋಟಿ, ಅದರ ಮೇಲೊಂದು ಪ್ಲಾಸ್ಟಿಕ್ ಚಡ್ಡಿ, ಇದಕ್ಕಿಂತ ಡೈಪರ್ ಎಷ್ಟೋ ವಾಸಿ.

ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ, ಕೀವು, ನೀರುಗುಳ್ಳೆ, ರಕ್ತ, ಜ್ವರ ಇದ್ದರೆ, ಬಾಯಿಯ ಸುತ್ತಲೂ ಅದೇ ಥರ ಎದ್ದರೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಅಲ್ಲಿ "ಅಲರ್ಜಿ ಆಗಿದೆ ಡಾಕ್ಟ್ರೇ" ಅಂತ ಶುರು ಮಾಡಬೇಡಿ. ಎಷ್ಟು ದಿನವಾಯಿತು, ಸಂದಿನ ಮಡಿಕೆಯಲ್ಲಿದೆಯೋ ಉಬ್ಬಿನ ಮೇಲೋ, ಭೇದಿ ಆಗಿತ್ತಾ, ಆಂಟಿಬಯೋಟಿಕ್ ಕೊಟ್ಟಿದ್ರಾ, ಇಷ್ಟು ಹೇಳಿ. ಮನೆಯಲ್ಲಿ ಈಗಾಗಲೇ ಯಾವುದಾದರೂ ಟ್ಯೂಬ್ ಹಚ್ಚಿದ್ದರೆ ಅದನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ.