ಮೊತ್ತ ಚಿಕ್ಕದು, ದಾರಿ ಉದ್ದ

ಬ್ಯಾಂಕ್ ಸಿಬ್ಬಂದಿಗೆ ತರಬೇತಿ ಕೊಡಲು ಹೋದಾಗಲೆಲ್ಲ ನಾನು ಮೊದಲು ಕೇಳುವುದು, ಭಯೋತ್ಪಾದನೆಗೆ ಎಷ್ಟು ಹಣ ಬೇಕಾಗಬಹುದು ಎಂದು. ಜಯನಗರದಲ್ಲಿ ಕೇಳಿ, ಪೀಣ್ಯದಲ್ಲಿ ಕೇಳಿ, ಉತ್ತರ ಕೋಟಿಯಲ್ಲೇ ಬರುತ್ತದೆ. ಬಾಡಿಗೆ ಕೋಣೆ, ಬಸ್ ಟಿಕೆಟ್, ಬೇರೆಯವರ ಹೆಸರಿನ ಎರಡು ಸಿಮ್, ಕೆಲವು ತಿಂಗಳ ಊಟದ ಖರ್ಚು. ಇದಕ್ಕೆ ಕೋಟಿ ಬೇಡ.

ಕಪ್ಪುಹಣದವರು ಕೊಳೆ ತೊಳೆಯಲು ಬ್ಯಾಂಕಿಗೆ ಬರುತ್ತಾರೆ. ಭಯೋತ್ಪಾದನೆಯ ಹಣ ಹಾಗಲ್ಲ, ಇಲ್ಲಿ ಸಂಬಳ, ದೇಣಿಗೆ, ಅಂಗಡಿ ವ್ಯಾಪಾರದ ಶುದ್ಧ ಹಣವೂ ಕೆಟ್ಟ ದಾರಿ ಹಿಡಿಯಬಹುದು. ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ (ಯುಎಪಿಎ) 17ನೇ ಕಲಂ ಹಣದ ಮೂಲ ಸಕ್ರಮವೋ ಅಕ್ರಮವೋ ಎಂದು ನೋಡುವುದಿಲ್ಲ. ಆ ಹಣ ಕೃತ್ಯಕ್ಕೆ ಬಳಕೆಯಾಗಿರಲೇಬೇಕು ಎಂದೂ ಇಲ್ಲ. ಗೊತ್ತಿದ್ದೂ ಸಂಗ್ರಹಿಸಿಕೊಟ್ಟರೆ ಕನಿಷ್ಠ 5 ವರ್ಷ, ಗರಿಷ್ಠ ಜೀವಾವಧಿ.

10 ಲಕ್ಷ ರೂಪಾಯಿ ಮೀರಿದ ನಗದು ವಹಿವಾಟಿನ ವಿವರ ತಿಂಗಳು ತಿಂಗಳೂ ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ ಹೋಗುತ್ತದೆ. ಆದರೆ ಸಣ್ಣ ಮೀನು ಆ ಬಲೆಗೆ ಬೀಳುವುದಿಲ್ಲ. ಅದಕ್ಕೇ ಇರುವುದು ಸಂಶಯಾಸ್ಪದ ವಹಿವಾಟಿನ ವರದಿ, ನಮ್ಮವರ ಬಾಯಲ್ಲಿ ಎಸ್‌ಟಿಆರ್. ಇದಕ್ಕೆ ಕನಿಷ್ಠ ಮೊತ್ತವೇ ಇಲ್ಲ, ಐದು ಸಾವಿರದ ವಹಿವಾಟಿನ ಬಗ್ಗೆಯೂ ಬರೆಯಬಹುದು.

ಬರೆಯುವುದು ಹೇಗೆ ಎಂಬುದರಲ್ಲೇ ಎಲ್ಲ ಇದೆ. ‘ವಹಿವಾಟು ಗ್ರಾಹಕರ ಆದಾಯಕ್ಕೆ ಹೊಂದುತ್ತಿಲ್ಲ’ ಎಂಬ ಒಂದು ಸಾಲಿನ ವರದಿಗಳನ್ನು ನಾನು ರಾಶಿಗಟ್ಟಲೆ ವಾಪಸ್ ಕಳಿಸಿದ್ದೇನೆ. ತನಿಖೆ ಮಾಡುವವರಿಗೆ ಅದರಿಂದ ಏನು ಸಿಗುತ್ತದೆ? ಒಮ್ಮೆ ಕೌಂಟರಿನ ಹುಡುಗಿಯೊಬ್ಬಳು ಒಂದೂವರೆ ಪುಟ ಬರೆದು ಕಳಿಸಿದ್ದಳು. ಮೂವರ ಖಾತೆಗೂ ಒಂದೇ ಮೊಬೈಲ್ ನಂಬರ್, ಖಾತೆ ತೆರೆಯಲು ಮೂವರನ್ನೂ ಕರೆತಂದವನು ಒಬ್ಬನೇ, ಹಣ ಬಂದ ಹತ್ತು ನಿಮಿಷದಲ್ಲಿ ಬೇರೆ ಊರಿನ ಎಟಿಎಂನಲ್ಲಿ ಖಾಲಿ. ಮಾತಿನ ನಡುವೆ ‘ಪಾಸ್‌ಬುಕ್ ನನ್ನ ಹತ್ರ ಇಲ್ಲ ಮೇಡಂ’ ಎಂದು ಒಬ್ಬ ಹೇಳಿದ್ದನ್ನೂ ಅವಳು ದಾಖಲಿಸಿದ್ದಳು. ಮುಂದೆ ಏನಾಯಿತೆಂದು ನಮಗೆ ತಿಳಿಯಲಿಲ್ಲ. ಬ್ಯಾಂಕಿಗೆ ಸಾಮಾನ್ಯವಾಗಿ ಅದು ತಿಳಿಯುವುದೂ ಇಲ್ಲ. ವರದಿ ಹೋಗಿದೆ ಎಂದು ಗ್ರಾಹಕರಿಗೆ ಸುಳಿವು ಕೊಡುವುದಂತೂ ಕಾನೂನಿಗೆ ವಿರುದ್ಧ.

2024ರ ಮಾರ್ಚ್ 1ರಂದು ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾಯಿತು. ಆರೋಪಿಗಳಿಗೆ ಹಣ ಕ್ರಿಪ್ಟೊ ರೂಪದಲ್ಲಿ ಬಂತು, ಟೆಲಿಗ್ರಾಂ ಮೂಲಕ ಸಿಕ್ಕವರ ಕೈಯಲ್ಲಿ ಅದನ್ನು ರೂಪಾಯಿಗೆ ಬದಲಾಯಿಸಲಾಯಿತು ಎಂದು ಎನ್‌ಐಎ ತನ್ನ ಆರೋಪಪಟ್ಟಿಯಲ್ಲಿ ಹೇಳಿದೆ. ಕ್ರಿಪ್ಟೊ ವಿನಿಮಯ ಕೇಂದ್ರಗಳು 2023ರ ಮಾರ್ಚ್‌ನಿಂದಲೇ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಬಂದಿವೆ. ಆದರೆ ಇಬ್ಬರು ತಮ್ಮತಮ್ಮಲ್ಲೇ ಕ್ರಿಪ್ಟೊ ಕೊಟ್ಟು ರೂಪಾಯಿ ತೆಗೆದುಕೊಂಡರೆ ಆ ಬದಲಾವಣೆ ವಿನಿಮಯ ಕೇಂದ್ರದ ಕಣ್ಣಿಗೆ ಬೀಳದೆ ಹೋಗಬಹುದು. ಆ ರೂಪಾಯಿ ನಗದಾಗಿ ಕೈಗೆ ಬಾರದಿದ್ದರೆ ಯಾರದೋ ಬ್ಯಾಂಕ್ ಖಾತೆಗೇ ಬಂದು ಬೀಳಬೇಕು. ಆ ‘ಯಾರದೋ’ ಎಷ್ಟೋ ಸಲ ತಿಂಗಳಿಗೆ ಎರಡು ಮೂರು ಸಾವಿರಕ್ಕೆ ಖಾತೆಯನ್ನೇ ಬಾಡಿಗೆಗೆ ಕೊಟ್ಟ ಪಿಜಿ ಹುಡುಗನೋ ಡೆಲಿವರಿ ಹುಡುಗನೋ ಆಗಿರುತ್ತಾನೆ. ಅವನ ತಂದೆ ತಾಯಿಗೆ ಈ ಮಾತು ಮುಟ್ಟಲಿ ಎಂಬ ಆಸೆ ನನ್ನದು.

ಇನ್ನೊಂದು ವಿಷಯ ನನ್ನನ್ನು ಇವತ್ತಿಗೂ ಕಾಡುತ್ತದೆ. ವಿಶ್ವಸಂಸ್ಥೆಯ ನಿರ್ಬಂಧ ಪಟ್ಟಿಯಲ್ಲಿರುವವರ ಹಣವನ್ನು ಯುಎಪಿಎಯ 51ಎ ಕಲಂ ಅಡಿಯಲ್ಲಿ ತಡೆಹಿಡಿಯಬೇಕು. ಅದಕ್ಕಾಗಿ ಪ್ರತಿ ಬ್ಯಾಂಕೂ ಗ್ರಾಹಕರ ಹೆಸರನ್ನು ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಹೆಸರು ಹೊಂದಿತು ಎಂದರೆ ಕೆಲಸ ಶುರುವಾಯಿತು ಎಂದರ್ಥ, ಮುಗಿಯಿತು ಎಂದಲ್ಲ. ತಂದೆಯ ಹೆಸರು, ಜನ್ಮದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ ಎಲ್ಲವನ್ನೂ ನೋಡಬೇಕು. ಶಿವಾಜಿನಗರದ ಒಬ್ಬ ವ್ಯಾಪಾರಿಯ ಖಾತೆ ಹೆಸರಿನ ಹೋಲಿಕೆಯೊಂದರಿಂದಲೇ ಒಂದು ಬ್ಯಾಂಕಿನಲ್ಲಿ ಒಂಬತ್ತು ದಿನ ನಿಂತುಹೋಗಿತ್ತು. ಮಗಳ ಕಾಲೇಜು ಫೀಸು ಕಟ್ಟುವ ವಾರ ಅದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಿಡಿದು ಅವರು ನನ್ನ ಎದುರು ಕೂತಿದ್ದರು. ಪಟ್ಟಿಯಲ್ಲಿದ್ದವನಿಗೂ ಅವರಿಗೂ ಇಪ್ಪತ್ತೊಂದು ವರ್ಷದ ಅಂತರ. ಅವರ ಜನ್ಮದಿನಾಂಕ ಆ ಬ್ಯಾಂಕಿನ ಕೆವೈಸಿ ಫಾರಂನಲ್ಲಿ ಮೊದಲ ದಿನದಿಂದಲೂ ಇತ್ತು.