ಬೆಳಿಗ್ಗೆ ಎಂಟು ಗಂಟೆಯ ರಕ್ತ

ದಾವಣಗೆರೆಯ ಕುಂದುವಾಡ ಕೆರೆಯ ಏರಿ ಮೇಲೆ ಎರಡನೇ ಸುತ್ತು ಹಾಕುವಾಗ ನಮ್ಮ ದೊಡ್ಡಪ್ಪನ ಮಗ ದನಿ ತಗ್ಗಿಸಿ ಹೇಳಿದ. "ಮೊದಲಿನಂಗೆ ಇಲ್ಲಪ್ಪ ತಮ್ಮಾ." ಅಣ್ಣನಿಗೆ ಈಗ 56. ಏಳೆಂಟು ತಿಂಗಳಿಂದ ನಿಮಿರುವಿಕೆ ಸರಿಯಿಲ್ಲವಂತೆ. ಅತ್ತಿಗೆ ಹತ್ತಿರವೂ ಬಾಯಿಬಿಟ್ಟಿಲ್ಲ. ಗೋಡೆಗೆ ಅಂಟಿಸಿದ ಚೀಟಿ ನೋಡಿ, ಯಾವುದೋ ಲಾಡ್ಜಿನಲ್ಲಿ ಕೂತವನಿಗೆ ಆರು ಸಾವಿರ ಕೊಟ್ಟು ಪುಡಿ ತಂದಿದ್ದ. ಜೇಬಿಂದ ತೆಗೆದು ತೋರಿಸಿದ. ಕಂದು ಬಣ್ಣದ ಪುಡಿ, ಪ್ಲಾಸ್ಟಿಕ್ ಪೊಟ್ಟಣ. ಮೇಲೆ ಹೆಸರಿಲ್ಲ, ತಾರೀಖಿಲ್ಲ. ನನಗೆ ಸಿಟ್ಟಿಗಿಂತ ಸಂಕಟವೇ ಜಾಸ್ತಿ ಆಯಿತು.

ಹರೆಯ ಮರಳಿಸುವ ಈ ಆಸೆ ಹೊಸದೇನಲ್ಲ. 1889ರಲ್ಲಿ ಬ್ರೌನ್-ಸೆಕಾರ್ ಎಂಬ ಹೆಸರಾಂತ ವಿಜ್ಞಾನಿ, ತನ್ನ 72ನೇ ವಯಸ್ಸಿನಲ್ಲಿ, ನಾಯಿಯ ಬೀಜದ ರಸವನ್ನು ತಾನೇ ಚುಚ್ಚಿಕೊಂಡು 'ಹರೆಯ ಮರಳಿತು' ಎಂದು ಸಾರಿದ್ದ. ಆ ರಸದಲ್ಲಿ ಹಾರ್ಮೋನು ಇದ್ದದ್ದೇ ನಗಣ್ಯ. ಅವನಿಗೆ ಹಾಗೆ ಅನಿಸಿದ್ದು ನಂಬಿಕೆಯಿಂದ. ಬೀಜದಲ್ಲಿ ತಯಾರಾಗುವ ಗಂಡಸರ ಹಾರ್ಮೋನು ಟೆಸ್ಟೋಸ್ಟೆರಾನ್ ಅನ್ನು ನಿಜವಾಗಿ ಬೇರ್ಪಡಿಸಿದ್ದು 1935ರಲ್ಲಿ.

ವಯಸ್ಸಾದಂತೆ ಇದು ಇಳಿಯುವುದು ನಿಜ. ಆದರೆ ಹೆಂಗಸರ ಮುಟ್ಟು ನಿಂತ ಹಾಗೆ ಒಮ್ಮೆಲೇ ಅಲ್ಲ. ಮೂವತ್ತು, ನಲವತ್ತು ದಾಟಿದ ಮೇಲೆ ವರ್ಷಕ್ಕೆ ಸುಮಾರು ನೂರಕ್ಕೆ ಒಂದರಷ್ಟು, ನಿಧಾನವಾಗಿ. ಯೂರೋಪಿನಲ್ಲಿ 40ರಿಂದ 79 ವಯಸ್ಸಿನ 3,369 ಗಂಡಸರನ್ನು ಪರೀಕ್ಷಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಲಕ್ಷಣಗಳೂ ಇದ್ದು ಹಾರ್ಮೋನೂ ಕಡಿಮೆ ಇದ್ದವರು ನೂರಕ್ಕೆ ಎರಡು ಮಂದಿಯಷ್ಟೇ. ಮುಂಜಾನೆಯ ನಿಮಿರುವಿಕೆ ಕಡಿಮೆಯಾಗುವುದು, ಆಸೆ ಕುಗ್ಗುವುದು, ನಿಮಿರುವಿಕೆಯ ತೊಂದರೆ: ಈ ಮೂರೂ ಒಟ್ಟಿಗಿದ್ದರೆ ಅನುಮಾನಕ್ಕೆ ಹೆಚ್ಚು ಅರ್ಥವಿದೆ. ಸುಸ್ತು, ಬೇಜಾರು ಸಾವಿರ ಕಾರಣಕ್ಕೆ ಬರುತ್ತೆ ಅಲ್ವಾ?

ನಾನು ಲ್ಯಾಬಿನಲ್ಲಿ ರಕ್ತ ತೆಗೆಯುವವನು. ಊಟ ಮುಗಿಸಿ, ಮಧ್ಯಾಹ್ನ ನಾಲ್ಕಕ್ಕೆ ಬಂದು 'ಟೆಸ್ಟೋಸ್ಟೆರಾನ್ ನೋಡ್ರಿ' ಅನ್ನುವವರನ್ನು ವಾಪಸ್ ಕಳಿಸುತ್ತೇನೆ. ಈ ಹಾರ್ಮೋನು ಬೆಳಿಗ್ಗೆ ಮೇಲಿರುತ್ತದೆ, ಹೊತ್ತು ಏರಿದಂತೆ ಇಳಿಯುತ್ತದೆ. ತಿಂದ ಮೇಲೂ ಇಳಿಯುತ್ತದೆ. ಹಾಗಾಗಿ ಹತ್ತು ಗಂಟೆಯೊಳಗೆ, ಖಾಲಿ ಹೊಟ್ಟೆಯಲ್ಲಿ ಬರಬೇಕು. ಬೆಣ್ಣೆ ದೋಸೆ ಆಮೇಲೆ ತಿನ್ನಬಹುದು. ಒಂದು ಸಲ ಕಡಿಮೆ ಬಂದರೆ ಸಾಲದು, ಬೇರೆ ದಿನ ಮತ್ತೆ ನೋಡಬೇಕು. ಎರಡು ಸಲವೂ ಡೆಸಿಲೀಟರಿಗೆ 300 ನ್ಯಾನೋಗ್ರಾಂಗಿಂತ ಕೆಳಗಿದ್ದು, ಲಕ್ಷಣವೂ ಇದ್ದರೆ ಡಾಕ್ಟರು ಕೊರತೆ ಅನ್ನುತ್ತಾರೆ. ಹೊಟ್ಟೆ ಬೊಜ್ಜಿದ್ದವರಲ್ಲಿ ಇದು ಇನ್ನಷ್ಟು ಇಳಿಯುತ್ತದೆ. ಕೊಬ್ಬು ಟೆಸ್ಟೋಸ್ಟೆರಾನ್ ಅನ್ನು ಈಸ್ಟ್ರೋಜನ್ ಎಂಬ ಹೆಂಗಸರ ಹಾರ್ಮೋನು ಮಾಡಿಬಿಡುತ್ತದೆ.

ನಿಜವಾಗಿ ಕೊರತೆ ಇದ್ದವರಿಗೆ ಇಂಜೆಕ್ಷನ್, ಜೆಲ್ ಕೊಡುತ್ತಾರೆ. ಆಸೆ ಸ್ವಲ್ಪ ಚಿಗುರುತ್ತದೆ. ನಿಮಿರುವಿಕೆಗೆ ಅಷ್ಟು ಫಲವಿಲ್ಲ. ಹೊರಗಿನಿಂದ ಬಂತೆಂದು ಮೆದುಳು ಬೀಜಗಳಿಗೆ ಕೆಲಸ ಹೇಳುವುದನ್ನು ನಿಲ್ಲಿಸಿ, ವೀರ್ಯಾಣುಗಳೂ ಕಡಿಮೆಯಾಗುತ್ತವೆ. ಮಕ್ಕಳು ಬೇಕೆನ್ನುವ ಹುಡುಗರು ಜಿಮ್ಮಿನವರ ಮಾತು ಕೇಳಿ ಚುಚ್ಚಿಸಿಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅಣ್ಣನಿಗೆ ನಾನು ಹೇಳಿದ್ದು ರಕ್ತನಾಳದ ವಿಷಯ. ನಿಮಿರುವಿಕೆ ಅಂದರೆ ರಕ್ತ ಬಂದು ತುಂಬುವುದು. ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ನಾಳವನ್ನು ಸಡಿಲಿಸಿದಾಗ ಅದು ಆಗುತ್ತದೆ. ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಆ ನಾಳದ ಒಳಪದರವನ್ನು ಕೆಡಿಸುತ್ತವೆ. ಶಿಶ್ನದ ನಾಳ ಒಂದೆರಡು ಮಿಲಿಮೀಟರ್, ಹೃದಯದ್ದು ಮೂರು-ನಾಲ್ಕು. ಸಣ್ಣ ಕೊಳವೆ ಮೊದಲು ಕಟ್ಟಿಕೊಳ್ಳುತ್ತದೆ. ಹಾಗಾಗಿ ಎಷ್ಟೋ ಜನರಲ್ಲಿ ಇಲ್ಲಿ ತೊಂದರೆ ಶುರುವಾಗಿ ಎರಡು-ಮೂರು ವರ್ಷಕ್ಕೆ ಎದೆನೋವು ಬರುತ್ತದೆ.

ಪುಡಿಯ ಭಯವೂ ಅದೇ. ಇಂಥ 'ಗಿಡಮೂಲಿಕೆ' ಪುಡಿಗಳಲ್ಲಿ ಸಿಲ್ಡೆನಾಫಿಲ್, ಅಂದರೆ ವಯಾಗ್ರದಲ್ಲಿರುವ ಔಷಧಿ, ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಎದೆನೋವಿಗೆ ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆಯ ಜೊತೆ ಇದು ಸೇರಿದರೆ ಬಿಪಿ ದಿಢೀರ್ ಕುಸಿದು ಜೀವವೇ ಹೋಗಬಹುದು.

ಮರುದಿನ ಎಂಟಕ್ಕೆ ಅಣ್ಣ ಬಂದ. ನಾನೇ ರಕ್ತ ತೆಗೆದೆ. ಟೆಸ್ಟೋಸ್ಟೆರಾನ್ 410. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 9.4. ಸಕ್ಕರೆ ಕಾಯಿಲೆ ಬಂದದ್ದು ಅವನಿಗೆ ಗೊತ್ತೇ ಇರಲಿಲ್ಲ. ರಿಪೋರ್ಟ್ ಮಡಚಿ ಜೇಬಿಗಿಟ್ಟು, ಅದೇ ಜೇಬಿನ ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟು, "ಡಾಕ್ಟರ ಹತ್ರ ನೀನೂ ಬಾ" ಅಂದ.