ನೋಡುಗನ ಮಿದುಳಿಗೆ ಬಿಟ್ಟ ಜಾಗ

ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ ‘ಘಟಶ್ರಾದ್ಧ’ದಲ್ಲಿ ವಿಧವೆ ಯಮುನಕ್ಕನ ಬದುಕನ್ನು ನಾವು ಬಹುಮಟ್ಟಿಗೆ ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿಯ ಜೊತೆ ನಿಂತು ನೋಡುತ್ತೇವೆ. ಅವಳು ಗರ್ಭಿಣಿಯೆಂಬುದರ ಪರಿಣಾಮ ಏನೆಂದು ಹುಡುಗನಿಗೆ ತಿಳಿಯದು; ಅವನಿಗೆ ಬಿಡಿಬಿಡಿಯಾಗಿ ಕಂಡದ್ದನ್ನು ಜೋಡಿಸಿ ಅರ್ಥ ಮಾಡಿಕೊಳ್ಳುವ ಕೆಲಸ ನಮ್ಮ ಪಾಲಿಗೆ ಬರುತ್ತದೆ. ಇಂಥ ಚಿತ್ರಗಳು ವರ್ಷಗಳ ನಂತರವೂ ಮನಸ್ಸಿನಲ್ಲಿ ಉಳಿಯುವುದಕ್ಕೆ ಈ ಕೆಲಸವೇ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ.

ಸಿನಿಮಾ ನೋಡುವಾಗ ಮಿದುಳಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ನರವಿಜ್ಞಾನಿ ಯೂರಿ ಹ್ಯಾಸನ್ ಮತ್ತು ಸಂಗಡಿಗರು, ಮಿದುಳಿನ ಯಾವ ಭಾಗ ಯಾವಾಗ ಚುರುಕಾಗುತ್ತದೆಂದು ತೋರಿಸುವ ಎಫ್‌ಎಂಆರ್‌ಐ ಯಂತ್ರದ ನೆರವಿನಿಂದ ಪರಿಶೀಲಿಸಿ, 2008ರಲ್ಲಿ ಒಂದು ಕುತೂಹಲಕರ ಹೋಲಿಕೆಯನ್ನು ಪ್ರಕಟಿಸಿದರು. ಒಂದೇ ದೃಶ್ಯಾವಳಿಯನ್ನು ಬೇರೆ ಬೇರೆ ಜನರಿಗೆ ತೋರಿಸಿ, ಅವರ ಮಿದುಳಿನ ಹೊರಪದರದ ಎಷ್ಟು ಭಾಗ ಒಂದೇ ಲಯದಲ್ಲಿ ಏರಿಳಿಯುತ್ತದೆ ಎಂದು ಅವರು ಅಳೆದರು. ಹಿಚ್‌ಕಾಕ್ ನಿರ್ದೇಶಿಸಿದ ಟಿವಿ ಕಥೆಯೊಂದಕ್ಕೆ ಅದು ಶೇ 65ರಷ್ಟಿತ್ತು, ಸರ್ಜಿಯೊ ಲಿಯೋನೆಯ ಕೌಬಾಯ್ ಚಿತ್ರಕ್ಕೆ ಶೇ 45ರಷ್ಟಿತ್ತು. ಉದ್ಯಾನವೊಂದರಲ್ಲಿ ಕ್ಯಾಮೆರಾವನ್ನು ಸುಮ್ಮನೆ ನಿಲ್ಲಿಸಿ, ಯಾವ ಸಂಕಲನವೂ ಇಲ್ಲದೆ ಚಿತ್ರಿಸಿದ ದೃಶ್ಯಕ್ಕೆ ಶೇ 5ಕ್ಕಿಂತ ಕಡಿಮೆ.

ಈ ಅಂಕಿಗಳು ನಿರ್ದೇಶಕನ ಹಿಡಿತದ ಅಳತೆಯೇ ಹೊರತು ಚಿತ್ರದ ಗುಣದ ಅಳತೆಯಲ್ಲ. ಸಂಶೋಧಕರೂ ಅದನ್ನು ಹಾಗೆ ಬಳಸಬಾರದೆಂದೇ ಹೇಳಿದ್ದಾರೆ. ಎಲ್ಲಿ ನೋಡಬೇಕು, ಯಾವಾಗ ಬೆಚ್ಚಬೇಕು, ಏನನ್ನು ನಿರೀಕ್ಷಿಸಬೇಕು ಎಂಬುದೆಲ್ಲವನ್ನೂ ಚಿತ್ರವೇ ನಿರ್ಧರಿಸಿದಾಗ ಸಭಾಂಗಣದ ನೂರು ಮಿದುಳುಗಳು ಒಂದೇ ತಾಳಕ್ಕೆ ನಡೆಯುತ್ತವೆ, ಮತ್ತು ಆ ಕೌಶಲವೂ ಸಣ್ಣದಲ್ಲ. ಚಿಂತನಶೀಲ ಚಿತ್ರ ಮಾಡಬೇಕಾದದ್ದು ಇದಕ್ಕಿಂತ ಕಷ್ಟದ ಕೆಲಸ: ಉದ್ಯಾನದ ದೃಶ್ಯದಂತೆ ನೋಡುಗರ ಗಮನ ಚದುರಿಹೋಗಲು ಬಿಡದೆ ಹಿಡಿದಿಟ್ಟುಕೊಂಡು, ಅರ್ಥದ ಮಟ್ಟದಲ್ಲಿ ಮಾತ್ರ ಅವರ ಕೈ ಬಿಡಬೇಕು.

ಕೈ ಬಿಡುವುದಕ್ಕೆ ಸಮಯ ಬೇಕು. ಅದೇ ತಂಡ ಮೂಕಿಚಿತ್ರದ ಭಾಗಗಳನ್ನು ಸುಮಾರು 4, 12 ಮತ್ತು 36 ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಕ್ರಮ ಕೆಡಿಸಿ ತೋರಿಸಿತು. ಕಣ್ಣಿನ ಮಾಹಿತಿಯನ್ನು ಮೊದಲು ಪಡೆಯುವ ಭಾಗಗಳು ಚಿಕ್ಕ ತುಂಡುಗಳಿಗೂ ಎಂದಿನಂತೆಯೇ ಸ್ಪಂದಿಸಿದವು. ಆದರೆ ಘಟನೆಗಳ ಅರ್ಥ ಕಟ್ಟುವ ಮೇಲುಸ್ತರದ ಕೆಲವು ಭಾಗಗಳ ಸ್ಪಂದನ ಸ್ಥಿರವಾಗಿರಲು ಉದ್ದನೆಯ, ಮುರಿಯದ ಹರಿವು ಅಗತ್ಯವಾಯಿತು. ನಿಧಾನದ ಚಿತ್ರವನ್ನು ನಾವು ‘ಎಳೆದಿದ್ದಾರೆ’ ಎಂದು ತಳ್ಳಿಹಾಕುವ ಮುನ್ನ, ಮಿದುಳಿನಲ್ಲೇ ಹೀಗೆ ಅವಸರವಿಲ್ಲದ ಭಾಗಗಳಿವೆ ಎಂಬುದನ್ನು ನೆನೆಯುವುದು ನ್ಯಾಯ.

2017ರ ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತಲೂ ಮುಖ್ಯವೆನಿಸುತ್ತದೆ. ಒಂದೇ ಕಥೆಯನ್ನು ಎರಡು ಗುಂಪುಗಳಿಗೆ ಕೇಳಿಸಲಾಯಿತು; ಹೆಂಡತಿ ಗಂಡನಿಗೆ ಮೋಸ ಮಾಡುತ್ತಿದ್ದಾಳೆಂದು ಒಂದು ಗುಂಪಿಗೆ, ಗಂಡನದು ಬರೀ ಸಂಶಯವೆಂದು ಇನ್ನೊಂದಕ್ಕೆ ಮೊದಲೇ ತಿಳಿಸಲಾಗಿತ್ತು. ಕಿವಿಗೆ ಬಿದ್ದ ಪದಗಳು ಅವೇ ಆಗಿದ್ದರೂ, ನೆನಪು ಮತ್ತು ಸ್ವಂತ ಅನುಭವಗಳೊಂದಿಗೆ ನಂಟಿರುವ ‘ಡಿಫಾಲ್ಟ್ ಮೋಡ್ ನೆಟ್‌ವರ್ಕ್’ ಎಂಬ ಜಾಲದಲ್ಲಿ ಎರಡು ಗುಂಪುಗಳ ಸ್ಪಂದನ ಬೇರೆಬೇರೆಯಾಯಿತು. ನಾವು ಮೊದಲೇ ಹೊತ್ತು ತಂದದ್ದು ಕಥೆಯೊಳಗೆ ಹೀಗೆ ಬೆರೆಯುತ್ತದೆ.

‘ಘಟಶ್ರಾದ್ಧ’ದ ಕೊನೆಯಲ್ಲಿ ಬದುಕಿರುವಾಗಲೇ ಶ್ರಾದ್ಧ ಮಾಡಿಸಿಕೊಂಡ ಯಮುನಕ್ಕ ಬೋಳುತಲೆಯಲ್ಲಿ ಮರದಡಿ ಕುಳಿತಿರುತ್ತಾಳೆ, ನಾಣಿಯನ್ನು ತಂದೆ ಕರೆದೊಯ್ಯುತ್ತಾನೆ. ಏನನ್ನು ಅನುಭವಿಸಬೇಕೆಂದು ಚಿತ್ರ ಯಾರಿಗೂ ಹೇಳುವುದಿಲ್ಲ. ತಮ್ಮ ಮನೆಯ ಹಿತ್ತಿಲ ಬಾಗಿಲಲ್ಲಿ ಕೆಂಪು ಸೀರೆಯುಟ್ಟು, ತಲೆಯ ಮೇಲೆ ಸೆರಗೆಳೆದುಕೊಂಡು ಕುಳಿತಿರುತ್ತಿದ್ದ ಮಡಿ ಅಜ್ಜಿಯನ್ನು ಬಾಲ್ಯದಲ್ಲಿ ಕಂಡವರಿಗೆ, ಕಪ್ಪು-ಬಿಳುಪಿನ ಆ ದೃಶ್ಯದಲ್ಲೂ ಕೆಂಪು ಕಂಡೀತು.